ಭಾರಿ ಕೆಟಲ್‌ಬೆಲ್: ಕೊಳ್ಳುವ ಮುನ್ನ ಒಂದು ಲೆಕ್ಕ

ಗರಡಿಮನೆಯ ಗುಂಡುಕಲ್ಲನ್ನು ಕಂಡವರಿಗೆ ಕೆಟಲ್‌ಬೆಲ್ ಅಪರಿಚಿತವಲ್ಲ. ಅದು ಹಿಡಿಯುಳ್ಳ ಎರಕದ ಕಬ್ಬಿಣದ ಗುಂಡು. ರಷ್ಯದ ‘ಪೂಡ್’ ಎಂಬ ಹಳೆಯ ತೂಕ ಸುಮಾರು 16 ಕಿಲೋ. 16, 24, 32ರ ಮೆಟ್ಟಿಲುಗಳು ಅದರಿಂದಲೇ ಬಂದವು. ಈ ಕ್ರೀಡೆಯ ಸ್ಪರ್ಧೆಗಳಲ್ಲಿ ಪುರುಷರ ಉನ್ನತ ವರ್ಗದವರು ಬಳಸುವುದೂ 32 ಕಿಲೋ ಗುಂಡನ್ನೇ. ಹೀಗಿರಲು ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ವ್ಯಾಯಾಮಶಾಲೆ ತೆರೆಯುವವರು 40, 48 ಕಿಲೋ ಗುಂಡುಗಳ ಸಾಲಿಗೆ ಬಂಡವಾಳ ತೊಡಗಿಸುವುದು ಉಚಿತವೇ?

ಬಾರ್ಬೆಲ್‌ನ ಎರಡು ತುದಿಗೂ 1.25 ಕಿಲೋ ತಟ್ಟೆ ಸೇರಿಸಿದರೆ ಭಾರ ಎರಡೂವರೆ ಕಿಲೋ ಏರುತ್ತದೆ. ಕೆಟಲ್‌ಬೆಲ್‌ನಲ್ಲಿ 40ರಿಂದ 48ಕ್ಕೆ ಹೋಗುವುದೆಂದರೆ ಒಮ್ಮೆಗೇ ಶೇ. 20ರ ಏರಿಕೆ! ಅಷ್ಟನ್ನು ತಾಳುವ ಸದಸ್ಯರು ಎಷ್ಟು ಮಂದಿ? ಎರಡೂ ಕೈಯಿಂದ ಬೀಸುವ ಸಾಧನೆಗೆ ಒಂದು ಭಾರಿ ಗುಂಡು ಸಾಕು; ಜೋಡಿ ಅನಗತ್ಯ. ಉಳಿದ ಹಣ ಬಾರ್ಬೆಲ್‌ಗೆ ಸಲ್ಲುವುದೇ ಲೇಸು.

ವ್ಯಾಯಾಮ ಸಾಮಗ್ರಿಗೆ ಜಿಎಸ್‌ಟಿ ಶೇ. 18. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಇದರ ಹೂಡುವಳಿ ತೆರಿಗೆ ಜಮೆ ದೊರೆಯದು. ಅವರಿಗೆ ತೆರಿಗೆಯೂ ಬೆಲೆಯೇ. ಮನೆಬಳಕೆಗೆ ಕೊಂಡು ಅಂಗಡಿಯ ಖರ್ಚಿಗೆ ಬರೆಯುವ ಮಾತಂತೂ ಬೇಡ.

ಜಿಲ್ಲೆಯ ಹೆಸರಾಂತ ಕರಿಕಲ್ಲಿನಲ್ಲೇ ಗುಂಡು ಕಡೆಸಬಾರದೇಕೆ ಎಂಬ ಪ್ರಶ್ನೆ ಸಹಜ. ಕಬ್ಬಿಣದ ಸಾಂದ್ರತೆ ಕಲ್ಲಿನ ಎರಡು ಪಟ್ಟಿಗೂ ಹೆಚ್ಚು. 48 ಕಿಲೋ ಕಲ್ಲುಗುಂಡು ಸುಮಾರು ಒಂದು ಅಡಿ ಅಗಲವಾಗುತ್ತದೆ; ಕಾಲುಗಳ ನಡುವೆ ಬೀಸಲು ಅಡಚಣೆ. ನೆಲದಿಂದ ಎತ್ತಿ ಹೆಗಲಿಗೇರಿಸುವ ಗರಡಿ ಸಾಧನೆಗೆ ಮಾತ್ರ ಅದು ಯೋಗ್ಯ.