ಅಧಿಕಾರದ ಏಣಿ ಮತ್ತು ಭಾಷೆಯ ನಿಲುವು: ಗೋವೆಯ ಎರಡು ನಿದರ್ಶನಗಳು

ಉನ್ನತ ಅಧಿಕಾರದತ್ತ ಸಾಗುವ ರಾಜಕಾರಣಿ ತನ್ನ ಹಿಂದಿನ ನಿಲುವನ್ನು ಬದಲಿಸುವುದು ಹೊಸ ಸಂಗತಿಯಲ್ಲ. ಆದರೆ ಇಂಥ ಎಲ್ಲ ಬದಲಾವಣೆಗಳನ್ನೂ ‘ಅವಕಾಶವಾದ’ ಎಂಬ ಒಂದೇ ಮಾನದಂಡದಿಂದ ಅಳೆದರೆ ಅವುಗಳ ನಡುವಿನ ವ್ಯತ್ಯಾಸ ಮರೆಯಾಗುತ್ತದೆ. ನಿಲುವು ಬದಲಾಯಿತೇ ಎಂಬುದಕ್ಕಿಂತ, ಯಾರ ದನಿಗೆ ಓಗೊಟ್ಟು ಬದಲಾಯಿತು ಎಂಬ ಪ್ರಶ್ನೆಯೇ ಹೆಚ್ಚು ಫಲಕಾರಿ. ಗೋವೆಯ ಭಾಷಾ ರಾಜಕಾರಣದಲ್ಲಿ ಇದಕ್ಕೆ ಎರಡು ನಿದರ್ಶನಗಳಿವೆ.

ಮೊದಲನೆಯದು ದಯಾನಂದ ಬಾಂದೋಡಕರ್ ಅವರದು. ಗೋವೆಯನ್ನು ಮಹಾರಾಷ್ಟ್ರದೊಡನೆ ವಿಲೀನಗೊಳಿಸಬೇಕೆಂಬ ಗುರಿಯೊಡನೆ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷವು 1963ರಲ್ಲಿ ಅಧಿಕಾರಕ್ಕೆ ಬಂದಿತು. 1967ರ ಜನವರಿ 16ರ ಜನಮತ ಸಂಗ್ರಹದಲ್ಲಿ ಜನರು 34,021 ಮತಗಳ ಅಂತರದಿಂದ ವಿಲೀನವನ್ನು ತಿರಸ್ಕರಿಸಿದರು. ಅದೇ ವರ್ಷ ಮತ್ತೆ ಗೆದ್ದ ಬಾಂದೋಡಕರ್, ತಾವು ಬಯಸಿರದ ಪ್ರತ್ಯೇಕ ಕೇಂದ್ರಾಡಳಿತ ಪ್ರದೇಶವನ್ನೇ 1973ರಲ್ಲಿ ನಿಧನರಾಗುವವರೆಗೆ ಆಳಿದರು. ಇಲ್ಲಿ ಬದಲಾವಣೆಗೆ ಕಾರಣ ಬಹಿರಂಗವಾಗಿತ್ತು: ಜನರನ್ನು ನೇರವಾಗಿ ಕೇಳಲಾಗಿತ್ತು, ಜನರು ಉತ್ತರಿಸಿದ್ದರು.

ಎರಡನೆಯದು ಶಿಕ್ಷಣ ಮಾಧ್ಯಮದ ವಿವಾದ. ಬಾಂದೋಡಕರ್ ಅವರ ಪುತ್ರಿ ಶಶಿಕಲಾ ಕಾಕೋಡಕರ್ ಶಿಕ್ಷಣ ಸಚಿವೆಯಾಗಿದ್ದಾಗ, 1990ರಲ್ಲಿ, ಸರಕಾರದ ಅನುದಾನವನ್ನು ಪ್ರಾದೇಶಿಕ ಭಾಷಾ ಮಾಧ್ಯಮದ ಪ್ರಾಥಮಿಕ ಶಾಲೆಗಳಿಗೆ ಸೀಮಿತಗೊಳಿಸಲಾಯಿತು. 2011ರಲ್ಲಿ ದಿಗಂಬರ ಕಾಮತ್ ನೇತೃತ್ವದ ಕಾಂಗ್ರೆಸ್ ಸರಕಾರವು ಇಂಗ್ಲಿಷ್ ಮಾಧ್ಯಮಕ್ಕೂ ಅನುದಾನ ನೀಡಲು ತೀರ್ಮಾನಿಸಿತು. ಇದರ ವಿರುದ್ಧ ‘ಭಾರತೀಯ ಭಾಷಾ ಸುರಕ್ಷಾ ಮಂಚ್’ ಹೂಡಿದ ಚಳವಳಿಯನ್ನು, ಆಗ ವಿರೋಧ ಪಕ್ಷದ ನಾಯಕರಾಗಿದ್ದ ಮನೋಹರ ಪರ್ರಿಕರ್ ಅವರ ಭಾರತೀಯ ಜನತಾ ಪಕ್ಷವು ಬೆಂಬಲಿಸಿತು.

2012ರ ಚುನಾವಣೆಯಲ್ಲಿ 40 ಸ್ಥಾನಗಳ ಪೈಕಿ 21ನ್ನು ಗೆದ್ದು ಪರ್ರಿಕರ್ ಮುಖ್ಯಮಂತ್ರಿಯಾದರು. ಪಕ್ಷದ ಕ್ಯಾಥೊಲಿಕ್ ಅಭ್ಯರ್ಥಿಗಳಲ್ಲಿಯೂ ಹಲವರು ಗೆದ್ದಿದ್ದರು. ಹೊಸ ಸರಕಾರವು ಚರ್ಚ್ ನಡೆಸುವ ಇಂಗ್ಲಿಷ್ ಮಾಧ್ಯಮ ಶಾಲೆಗಳ ಅನುದಾನವನ್ನು ಮುಂದುವರಿಸಿತು. ಚಳವಳಿಯ ನಾಯಕರಲ್ಲಿ ಒಬ್ಬರೂ ರಾಷ್ಟ್ರೀಯ ಸ್ವಯಂಸೇವಕ ಸಂಘದ ಗೋವಾ ಮುಖ್ಯಸ್ಥರೂ ಆಗಿದ್ದ ಸುಭಾಷ್ ವೆಲಿಂಗಕರ್ ಇದನ್ನು ಬಹಿರಂಗವಾಗಿ ವಿರೋಧಿಸಿ, 2016ರ ಆಗಸ್ಟ್‌ನಲ್ಲಿ ಹೊಣೆಗಾರಿಕೆಯನ್ನು ಕಳೆದುಕೊಂಡರು. ಅವರ ಬೆಂಬಲಿಗರು ಕಟ್ಟಿದ ‘ಗೋವಾ ಸುರಕ್ಷಾ ಮಂಚ್’ 2017ರಲ್ಲಿ ಒಂದು ಸ್ಥಾನವನ್ನೂ ಗೆಲ್ಲಲಿಲ್ಲ.

ಈ ಪಲ್ಲಟವನ್ನು ಸಮರ್ಥಿಸಲು ಸಾಧ್ಯವಿಲ್ಲವೆಂದಲ್ಲ. ಅನುದಾನ ನಿಂತರೆ ಕಲಿಯುತ್ತಿರುವ ಮಕ್ಕಳಿಗೆ ತೊಂದರೆಯಾಗುತ್ತದೆ. ಎಲ್ಲ ಸಮುದಾಯಗಳ ವಿಶ್ವಾಸ ಗಳಿಸುವುದು ಮುಖ್ಯಮಂತ್ರಿಯ ಕರ್ತವ್ಯವೂ ಹೌದು. ಆದರೆ ತತ್ತ್ವವಾಗಿ ಒಪ್ಪಿದ ಸಮರ್ಥನೆ ತನ್ನಂಥ ಎಲ್ಲ ಪ್ರಕರಣಗಳಿಗೂ ಅನ್ವಯಿಸಬೇಕು. ಸಂವಿಧಾನದ 30ನೆಯ ವಿಧಿಯು ಧರ್ಮವನ್ನು ಆಧರಿಸಿದ ಅಲ್ಪಸಂಖ್ಯಾತರೊಡನೆ ಭಾಷೆಯನ್ನು ಆಧರಿಸಿದವರನ್ನೂ ಹೆಸರಿಸುತ್ತದೆ. 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ.

ಈ ಒರೆಗಲ್ಲಿಗೆ ವಾಸ್ಕೋ ನಗರದ ಮಂಗೋರ್ ಹಿಲ್ ತಕ್ಕ ಸ್ಥಳ. ಉತ್ತರ ಕರ್ನಾಟಕದಿಂದ ಬಂದ ಶ್ರಮಿಕ ಕುಟುಂಬಗಳು ಇಲ್ಲಿ ನೆಲೆಸಿವೆ. 2011ರ ಜನಗಣತಿಯಂತೆ ಗೋವೆಯ ಜನಸಂಖ್ಯೆಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದವರು ಶೇಕಡಾ 4.5ಕ್ಕೂ ಹೆಚ್ಚು. ಆದರೂ ಅದೇ ವರ್ಷ ಭುಗಿಲೆದ್ದ ಮಾಧ್ಯಮ ವಿವಾದವು ಕೊಂಕಣಿ, ಮರಾಠಿ, ಇಂಗ್ಲಿಷ್‌ಗಳ ಸುತ್ತಲೇ ಸುತ್ತಿತು. ಸಮೀಪದ ಬೈನಾ ಕಡಲತೀರದಲ್ಲಿ 2004ರ ತೆರವು ಕಾರ್ಯಾಚರಣೆಯನ್ನು ಕಂಡ ಜನರಿಗೆ ಸೂರಿನ ಚಿಂತೆಯೇ ಮೊದಲು. ಭಾಷೆಯ ಬೇಡಿಕೆ ಆಮೇಲಿನದು. ಕೇಳದ ಬೇಡಿಕೆಗಾಗಿ ಯಾವ ನಾಯಕನೂ ನಿಲುವು ತಾಳುವುದಿಲ್ಲ, ಬದಲಿಸುವುದೂ ಇಲ್ಲ.

ಆದ್ದರಿಂದ ಭಾಷಾ ಅಲ್ಪಸಂಖ್ಯಾತರ ನಿಜವಾದ ಆತಂಕ ನಾಯಕರ ಚಂಚಲತೆಯಲ್ಲ. ಸಂಘಟಿತ ಸಮುದಾಯವು ನಾಯಕನ ಮನಸ್ಸನ್ನು ಬದಲಿಸಬಲ್ಲದು, ಬದಲಾದ ಮನಸ್ಸನ್ನು ಪ್ರಶ್ನಿಸಲೂ ಬಲ್ಲದು. ಸಂಘಟನೆಯಿಲ್ಲದ ಸಮುದಾಯದ ಬಗ್ಗೆ ನಾಯಕನಿಗೆ ಬದಲಿಸಲು ನಿಲುವೇ ಇರುವುದಿಲ್ಲ. ವಚನಭಂಗಕ್ಕೆ ಮೊದಲು ವಚನವಾದರೂ ಇರಬೇಕು. ಮಂಗೋರ್ ಹಿಲ್‌ನ ಕನ್ನಡಕ್ಕೆ ಮಾಧ್ಯಮ ವಿವಾದವು ಅದನ್ನೂ ದೊರಕಿಸಿಕೊಡಲಿಲ್ಲ.