ಸ್ನೇಹದೊಳಗಿನ ಸ್ಪರ್ಧೆ

ಕೊಲ್ಲೂರು ಸೀಮೆಯವರಿಗೆ ಜೋಡಾಟವೆಂದರೇನೆಂದು ನಾವು ಹೇಳಬೇಕಾಗಿಲ್ಲ. ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಎರಡು ಮೇಳಗಳು ಒಂದೇ ಪ್ರಸಂಗವನ್ನಾಡುತ್ತ ಒಂದನ್ನೊಂದು ಮೀರಿಸಲು ಹೆಣಗುತ್ತವೆ. ಮಂಗಳ ಹಾಡಿದ ಮೇಲೆ ಹಗೆ ಉಳಿಯಬಾರದೆಂಬುದೇ ಅದರ ಸೊಗಸು.

ಜಲಾಂತರ್ಗಾಮಿಗಳಲ್ಲಿಯೂ ಇಂತಹ ಜೋಡಾಟವುಂಟು. 2005ರಲ್ಲಿ ಸ್ವೀಡನ್ನಿನ ‘ಗಾಟ್‌ಲ್ಯಾಂಡ್’ ಒಂದು ವರ್ಷಕ್ಕೆಂದು ಅಮೆರಿಕದ ಸ್ಯಾನ್ ಡಿಯಾಗೊಗೆ ಬಂದು ಹುಸಿಶತ್ರುವಿನ ವೇಷ ತೊಟ್ಟಿತು. ಹೊರಗಾಳಿ ಬೇಡದ ಸ್ಟರ್ಲಿಂಗ್ ಯಂತ್ರದ ಬಲದಿಂದ ಸದ್ದಿಲ್ಲದೆ ನುಸುಳಿ, ಸುಮಾರು 5,000 ಮಂದಿಯನ್ನು ಹೊರುವ ‘ರೊನಾಲ್ಡ್ ರೇಗನ್’ ವಿಮಾನವಾಹಕ ನೌಕೆಯನ್ನು ಅಣಕುಯುದ್ಧದಲ್ಲಿ ‘ಮುಳುಗಿಸಿತು’. ಆತಿಥೇಯರು ಅತಿಥಿಯನ್ನು ಅಟ್ಟಲಿಲ್ಲ. ಇನ್ನೊಂದು ವರ್ಷ ಉಳಿಸಿಕೊಂಡು ಪಾಠ ಕಲಿತರು.

ಮಿತ್ರನು ನಗುತ್ತ ತೋರಿದ ದೋಷವನ್ನು ತಿದ್ದಿಕೊಳ್ಳದಿದ್ದರೆ, ಅದನ್ನೇ ಶತ್ರುವು ಜೀವಗಳನ್ನು ಕೊಂಡು ತೋರಿಸುತ್ತಾನೆ. ಮನೆಯಲ್ಲಿ ಅಣ್ಣತಮ್ಮಂದಿರ ಪೈಪೋಟಿಯನ್ನು ಕಂಡಾಗ ಹಿರಿಯರು ಇದನ್ನು ನೆನೆಯಲಿ.