ಜಾಗ ಊರಿನದು, ದುಡ್ಡು ಕಂಪನಿಯದು

ತೋಟ ಪಾಲಿಗೆ ಕೊಡುವುದು ನಮ್ಮ ಹುಳಿಯಾರು ಕಡೆಯವರಿಗೆ ಗೊತ್ತೇ ಇದೆ. ಭೂಮಿ ಒಬ್ಬರದು. ಬೋರು ಕೊರೆಸಿ, ತೆಂಗಿನ ಸಸಿ ನೆಟ್ಟು, ನೀರು ಹಾಯಿಸುವವರು ಇನ್ನೊಬ್ಬರು. ಕಾಯಿ ಬಂದಾಗ ಇಬ್ಬರಿಗೂ ಪಾಲು. ಯಾರಿಗೆ ಎಷ್ಟು? ಎಷ್ಟು ವರ್ಷ? ಮೊದಲೇ ಮಾತಾಗಬೇಕು. ಇಲ್ಲದಿದ್ರೆ ಜಗಳ ತಪ್ಪಿದ್ದಲ್ಲ.

ಪಟ್ಟಣದಲ್ಲೂ ಹೀಗೇ ನಡೆಯುತ್ತದೆ. ಬಸ್ ನಿಲ್ದಾಣ, ಹಳೇ ಮಾರುಕಟ್ಟೆ, ಖಾಲಿ ಜಾಗ ಇವೆಲ್ಲ ಸರ್ಕಾರದ್ದು. ಅಂದರೆ ನಮ್ಮೆಲ್ಲರದು. ಅಲ್ಲಿ ಕಟ್ಟಡ ಕಟ್ಟಲು ಪಾಲಿಕೆ, ಪಂಚಾಯಿತಿಗಳ ಹತ್ತಿರ ಹಣ ಸಾಲದು. ಆಗ ಕಂಪನಿಯನ್ನು ಕರೆಯುತ್ತಾರೆ. ಕಂಪನಿ ದುಡ್ಡು ಹಾಕಿ ಕಟ್ಟುತ್ತದೆ. ಹಲವು ವರ್ಷ ಬಾಡಿಗೆ ಎತ್ತುತ್ತದೆ. ಪಾಲಿಕೆಗೂ ಒಂದು ಪಾಲು ಸಿಗುತ್ತದೆ. ಇದಕ್ಕೆ ಸರ್ಕಾರಿ-ಖಾಸಗಿ ಸಹಭಾಗಿತ್ವ ಎಂದು ಹೆಸರು. ಹೆಸರು ದೊಡ್ಡದು, ವ್ಯವಹಾರ ನಮ್ಮ ತೋಟದ್ದೇ! ಬೆಂಗಳೂರಿನ ಮಾಗ್ರತ್ ರಸ್ತೆಯ ಗರುಡಾ ಮಾಲ್ ಪಾಲಿಕೆಯ ಜಾಗದಲ್ಲಿ ಹೀಗೆ ಎದ್ದದ್ದು. ಮಾಲ್ ಅಂದರೆ ಒಂದೇ ಸೂರಿನಡಿ ಹತ್ತಾರು ಅಂಗಡಿ.

ಒಂದು ವ್ಯತ್ಯಾಸ ಮಾತ್ರ ಇದೆ. ತೋಟದಲ್ಲಿ ಮರ ಇರುತ್ತೆ. ಊರಿನ ಜಾಗದಲ್ಲಿ ಜನ ಇರ್ತಾರೆ.

ಬೆಂಗಳೂರಿನ ಕೋರಮಂಗಲದ ಪಕ್ಕ ಈಜಿಪುರ ಇದೆ. ಅಲ್ಲಿ ಬಡವರಿಗೆಂದು ಪಾಲಿಕೆ ಮನೆ ಕಟ್ಟಿಸಿತ್ತು. ಕಟ್ಟಡ ಗಟ್ಟಿ ಇರಲಿಲ್ಲ. ಕೆಲವು ಕುಸಿದವು. ಜನ ತಗಡಿನ ಶೆಡ್ಡುಗಳಲ್ಲಿ ಉಳಿದರು. ಮನೆಗೆಲಸದವರು, ಕೂಲಿಯವರು, ಪೌರಕಾರ್ಮಿಕರು ಅಲ್ಲಿದ್ದರು. ಪಾಲಿಕೆ ಖಾಸಗಿ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿತು. ಸುಮಾರು ಅರ್ಧ ಜಾಗದಲ್ಲಿ ಬಡವರ ಮನೆ, ಉಳಿದದ್ದರಲ್ಲಿ ಮಾಲ್. ಕೇಳೋಕೆ ಚೆನ್ನಾಗಿಯೇ ಇತ್ತು. 2013ರ ಜನವರಿಯಲ್ಲಿ ಪೊಲೀಸರನ್ನು ನಿಲ್ಲಿಸಿ ಶೆಡ್ಡುಗಳನ್ನು ಕೆಡವಿದರು. ಸಾವಿರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಂದವು. ಚಳಿಗಾಲ. ಪರೀಕ್ಷೆಗೆ ಓದುವ ಮಕ್ಕಳು. ಹೆಂಗಸರು ಧರಣಿ ಕೂತರು. ಕೆಲವರು ಬೇಲಿಯ ಹೊರಗೆ, ಫುಟ್‌ಪಾತಿನ ಮೇಲೆ ವರ್ಷಗಟ್ಟಲೆ ಬದುಕಿದರು. ಹೊಸ ಮನೆ ಏಳುವ ಮೊದಲೇ ಇದ್ದ ಸೂರು ತೆಗೆದದ್ದು ನಮ್ಮ ಕಣ್ಣಿಗೆ ಅನ್ಯಾಯ.

ನಾಳೆ ನಮ್ಮ ಬಸ್ ನಿಲ್ದಾಣಕ್ಕೂ, ಸಂತೆ ಮೈದಾನಕ್ಕೂ ಕಂಪನಿ ಬರಬಹುದು. ಬರಲಿ. ನಾವು ಕೇಳೋಣ. ಒಪ್ಪಂದ ಎಷ್ಟು ವರ್ಷದ್ದು? ಊರಿಗೆ ಎಷ್ಟು ಪಾಲು? ಈಗ ಅಲ್ಲಿ ಹೂವು, ಸೊಪ್ಪು ಮಾರುವವರು ಎಲ್ಲಿ ಕೂರಬೇಕು? ಕೆಲಸ ಮುಗಿಯದಿದ್ರೆ ಹೊಣೆ ಯಾರು? ಬಾಯಿಮಾತು ಸಾಲದು, ಒಪ್ಪಂದದ ಪ್ರತಿ ಬೇಕು. ಮಾಹಿತಿ ಹಕ್ಕು ಕಾಯಿದೆ 2005ರಲ್ಲಿ ಬಂದಿದೆ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ಅರ್ಜಿ ಬರೆಯಬಹುದು. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.